ಶುಕ್ರವಾರ ರಾತ್ರಿ ಒಂದೂವರೆಗೆ ಮೆಟ್ರೊ ಕೊಡಿ

ಸಂಪಾದಕರಿಗೆ ನಮಸ್ಕಾರ.

ಪಬ್‌ಗೆ ಹೋಗುವ ಹುಡುಗ ಹುಡುಗಿಯರ ಪ್ರೀತಿ, ಜಗಳದ ಸುದ್ದಿ ಬಂದಾಗಲೆಲ್ಲ ನನ್ನ ಅಪ್ಪ ಕೇಳುವುದು ಒಂದೇ, 'ರಾತ್ರಿ ಹೊತ್ತು ಯಾಕೆ ಹೋಗಬೇಕಿತ್ತು?' ನನ್ನದೇ ಕತೆ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕಬೇಡಿ.

ನಾನು, ನನ್ನ ಗೆಳತಿ, ಇನ್ನೊಬ್ಬ ಸ್ನೇಹಿತ, ಮೂವರದೂ ಒಂದೇ ಆಫೀಸು. ಶುಕ್ರವಾರ ಕೆಲಸ ಮುಗಿಸಿ ಚರ್ಚ್ ಸ್ಟ್ರೀಟ್‌ಗೆ ಹೋಗುತ್ತಿದ್ದೆವು. ಪಬ್ ರಾತ್ರಿ 1ರ ತನಕ ತೆರೆದಿರುತ್ತದೆ, ಮೆಟ್ರೊ 12ರೊಳಗೇ ನಿಂತುಬಿಡುತ್ತದೆ. ಗೆಳತಿ ವೈಟ್‌ಫೀಲ್ಡ್, ನಾನು ವಿಜಯನಗರ. ಇಬ್ಬರದೂ ನೇರಳೆ ಮಾರ್ಗವೇ, ಅವಳು ಆ ಕಡೆ, ನಾನು ಈ ಕಡೆ. ರಾತ್ರಿ 10ರ ಮೇಲೆ ಆಟೊಗೆ ಒಂದೂವರೆ ಪಟ್ಟು ಅನ್ನುವುದು ನಿಯಮ, ಅದಕ್ಕೆ ತಕರಾರಿಲ್ಲ, ಆದರೆ ಆ ಹೊತ್ತಿಗೆ ಮೀಟರ್ ಹಾಕುವವರು ಸಿಗಬೇಕಲ್ವಾ? ಸ್ನೇಹಿತನ ಮನೆ ನಮ್ಮ ಕಡೆಯೇ, ನಾಗರಬಾವಿ. ಹಾಗಾಗಿ ಅವನ ಬೈಕಲ್ಲೇ ಬರುತ್ತಿದ್ದೆ.

ಗೆಳತಿಗೆ ಅವನ ಮೇಲೆ ಮನಸ್ಸಿತ್ತು. ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಒಳ್ಳೆಯ ಹುಡುಗ, ಗಾಡಿ ಓಡಿಸಬೇಕು ಅಂತ ಕುಡಿಯುತ್ತಲೇ ಇರಲಿಲ್ಲ, ನಿಂಬೆ ಸೋಡಾ ಹಿಡಿದು ಕೂರುತ್ತಿದ್ದ. ಎಂಟು ತಿಂಗಳು ಹೀಗೆ ತಂದು ಬಿಟ್ಟವನು ಒಂದು ರಾತ್ರಿ ಪಿಜಿ ಗೇಟಿನ ಮುಂದೆ ನಿಂತು, 'ನಿನಗೂ ನಾನಂದ್ರೆ ಇಷ್ಟ ಅಲ್ವಾ, ಇಲ್ಲದಿದ್ರೆ ಪ್ರತಿ ವಾರ ಯಾಕೆ ನನ್ನ ಜೊತೆ ಬರ್ತಿದ್ದೆ' ಅಂದ. ನಾನು ಮನೆ ಸೇರಲು ಬರುತ್ತಿದ್ದೆ, ಅಷ್ಟೆ. ಅದನ್ನು ಹೇಳಿದ್ದಕ್ಕೆ ಅವನನ್ನು ಬಳಸಿಕೊಂಡವಳು ಅನಿಸಿಕೊಂಡೆ. ಗೆಳತಿಯಂತೂ 'ವಾರ ವಾರ ಅವನ ಹಿಂದೆ ಕೂತು ಹೋದವಳು ನೀನೇ ತಾನೇ' ಅಂದಳು. ಈಗ ಕ್ಯಾಂಟೀನಿನಲ್ಲಿ ನನ್ನ ಟೇಬಲ್ ಕಡೆ ನೋಡುವುದೂ ಇಲ್ಲ. ನನಗೆ ಜಾಸ್ತಿ ನೋವಾಗಿರುವುದು ಅದೇ.

ಮೊದಲೇ ಬಾಯಿಬಿಟ್ಟು ಹೇಳಬೇಕಿತ್ತು, ತಪ್ಪು ನನ್ನದೂ ಇದೆ. ಆದರೆ ಡ್ರಾಪ್ ಬೇಡ ಅಂದಿದ್ದರೆ ಆ ಹೊತ್ತಲ್ಲಿ ನಾನು ಹೇಗೆ ಹೋಗಬೇಕಿತ್ತು? ಇದನ್ನು ಯಾರೂ ಕೇಳುವುದಿಲ್ಲ. ಪಬ್‌ನಲ್ಲಿ ಪಾತ್ರೆ ತೊಳೆಯುವವರು, ಟೇಬಲ್ ಒರೆಸುವವರು ನಮಗಿಂತ ತಡವಾಗಿ ಹೊರಡುತ್ತಾರೆ, ಅವರ ಪಾಡೂ ಇದೇ.

ರಾತ್ರಿ ಹಳಿ ರಿಪೇರಿ ಇರುತ್ತದೆ ನಿಜ. ಆದರೂ ಹೊಸ ವರ್ಷದ ರಾತ್ರಿ 2ರ ತನಕ ಓಡಿಸಿದ್ದಾರಲ್ಲ. ಶುಕ್ರವಾರ, ಶನಿವಾರ ಮಾತ್ರ, ರಾತ್ರಿ 1.30ಕ್ಕೆ ಚರ್ಚ್ ಸ್ಟ್ರೀಟ್ ಪಕ್ಕದ ಎಂ.ಜಿ. ರಸ್ತೆ ನಿಲ್ದಾಣದಿಂದ ವೈಟ್‌ಫೀಲ್ಡ್ ಕಡೆಗೆ ಒಂದು, ನಮ್ಮ ವಿಜಯನಗರದ ಮೇಲೆ ಚಲ್ಲಘಟ್ಟದ ಕಡೆಗೆ ಒಂದು ರೈಲು ಬಿಡಿ ಸಾಕು.

– ಒಬ್ಬ ಓದುಗಿ, ವಿಜಯನಗರ, ಬೆಂಗಳೂರು