ಕಡಲ ಕೆಸರಿನಲ್ಲಿ ಕೊಡಗಿನ ಮಳೆ

ಮಾನ್ಯ ಸಂಪಾದಕರೇ,

ಬರೆ (ಗುಡ್ಡದ ಕಡಿದಾದ ಇಳಿಜಾರು) ಕುಸಿದಾಗಲೆಲ್ಲ ‘ಇಂಥ ಮಳೆ ಹಿಂದೆಯೂ ಬಂದಿತ್ತೇ’ ಎಂಬ ಚರ್ಚೆ ಕೊಡಗಿನಲ್ಲಿ ಏಳುತ್ತದೆ. ಮಳೆ ತೊಳೆದ ಮಣ್ಣು ನದಿಗಳಲ್ಲಿ ಹರಿದು ಕಡಲ ತಳದಲ್ಲಿ ಪದರಪದರವಾಗಿ ಕೂರುವುದರಿಂದ, ಉತ್ತರ ಆ ಕೆಸರಿನಲ್ಲಿದೆ ಎನ್ನುವವರಿದ್ದಾರೆ. ನಿಜ, ಆದರೆ ಅದನ್ನು ಓದುವಾಗ ಅವಸರ ಸಲ್ಲದು.

ಕಾವೇರಿಯ ಹೂಳಿನ ಬಹುಪಾಲು ಈಗ ಕೆಆರ್‌ಎಸ್, ಮೆಟ್ಟೂರಿನಲ್ಲೇ ಕೂರುತ್ತದೆ. ಅಣೆಕಟ್ಟುಗಳಿಗೂ ಹಿಂದೆ ಬಂಗಾಳ ಕೊಲ್ಲಿ ಸೇರಿದ್ದರಲ್ಲಿ ಬಯಲುಸೀಮೆಯ ಮಣ್ಣೂ ಬೆರೆತಿದೆ. ಘಟ್ಟದ ಪಡುವಣ ಇಳಿಜಾರಿನ ಗುರುತು ಬೇಕಾದರೆ ಕೊಡಗಿನಿಂದ ಪಡುವಣಕ್ಕೆ ಹರಿಯುವ ಬರಪೊಳೆ, ಪಯಸ್ವಿನಿ ಹೊಳೆಗಳ ನೀರು ಸೇರುವ ಅರಬ್ಬಿ ಸಮುದ್ರದತ್ತ ನೋಡಬೇಕು.

ಅಲ್ಲಿನ ಕೆಸರಿನಿಂದ ಜೇಡಿಯನ್ನು ಬೇರ್ಪಡಿಸಲು ಮೊದಲು ಅದರ ಸುಣ್ಣವನ್ನು ದುರ್ಬಲ ಅಸಿಟಿಕ್ ಆಮ್ಲದಿಂದಲೂ ಸಾವಯವ ಅಂಶವನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದಲೂ ತೆಗೆದು, ಉಪ್ಪು ಹೋಗುವವರೆಗೆ ತೊಳೆಯಬೇಕು. ಉಪ್ಪು ಉಳಿದರೆ ಜೇಡಿ ಗಂಟುಕಟ್ಟಿ ಒಮ್ಮೆಲೇ ತಳ ಸೇರುತ್ತದೆ. 20 ಡಿಗ್ರಿ ನೀರಿನಲ್ಲಿ ಕದಡಿ 8 ಗಂಟೆ ಬಿಟ್ಟರೆ ಮೇಲಿನ 10 ಸೆಂ.ಮೀ.ನಲ್ಲಿ 2 ಮೈಕ್ರಾನ್‌ಗಿಂತ ಸಣ್ಣ ಕಣಗಳಷ್ಟೇ ಉಳಿಯುತ್ತವೆ. ಅದನ್ನು ಗಾಜಿನ ಮೇಲೆ ಒಣಗಿಸಿ ಎಕ್ಸ್‌ರೇಗೆ ಒಡ್ಡಿದಾಗ ಕಯೊಲಿನೈಟ್ (ಬಿಸಿಲು, ಮಳೆ ಹೆಚ್ಚಿರುವಲ್ಲಿ ಕಲ್ಲು ಕೊಳೆತು ಆಗುವ ಜೇಡಿ ಖನಿಜ) ತನ್ನ ಪದರಗಳ ನಡುವಿನ ಅಂತರವಾದ 7 ಆಂಗ್‌ಸ್ಟ್ರಾಂ ಆಸುಪಾಸಿನಲ್ಲಿ ಶಿಖರವಾಗಿ ಕಾಣುತ್ತದೆ. ತೊಂದರೆಯೆಂದರೆ ಸಿಂಧೂ ನದಿ ತರುವ ಕ್ಲೋರೈಟ್ ಎಂಬ ಇನ್ನೊಂದು ಖನಿಜವೂ ಅಲ್ಲೇ ಬರುತ್ತದೆ. ಯಂತ್ರವನ್ನು ನಿಧಾನವಾಗಿ ಓಡಿಸಿ 3.58ರ (ಕಯೊಲಿನೈಟ್) ಮತ್ತು 3.54ರ (ಕ್ಲೋರೈಟ್) ಶಿಖರಗಳನ್ನು ಬಿಡಿಸಿಕೊಳ್ಳದಿದ್ದರೆ ಸಿಂಧೂ ನದಿಯ ಕೆಸರನ್ನೂ ಘಟ್ಟದ ಲೆಕ್ಕಕ್ಕೆ ಬರೆದುಬಿಡುತ್ತೇವೆ.

‘ಕಯೊಲಿನೈಟ್ ಹೆಚ್ಚಿದೆ, ಹಾಗಾದರೆ ಆಗ ಮಳೆ ಹೆಚ್ಚು’ ಎನ್ನುವಲ್ಲೇ ಬಹಳ ಮಂದಿ ಎಡವುವುದು. ಮಡಿಕೇರಿ ಕಡೆಯ ಯಾವುದೇ ಬರೆಯನ್ನು ಹತ್ತಿರದಿಂದ ನೋಡಿ: ಕಲ್ಲಿನ ಪದರ ಕಣ್ಣಿಗೆ ಕಾಣುತ್ತದೆ, ಉಗುರಿನಿಂದ ಕೆರೆದರೆ ಮಣ್ಣಾಗಿ ಉದುರುತ್ತದೆ. ಕಲ್ಲು ಹಾಗೆ ಕೊಳೆಯಲು ಸಾವಿರಾರು ವರ್ಷ ಹಿಡಿದಿದೆ, ಜರಿದು ಹೊಳೆ ಸೇರಲು ಒಂದು ರಾತ್ರಿ ಸಾಕು. ಕಡಲಲ್ಲಿ ಸಿಗುವುದು ಹಳೆಯ ಜೇಡಿ, ಪದರಕ್ಕೆ ಸಿಗುವ ವಯಸ್ಸು ಹೊಸದು. ಜೊತೆಗೆ, ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಸುಮಾರು 120 ಮೀಟರ್ ಕೆಳಗಿತ್ತು. ಹಾಗೆ ಕಡಲು ಹಿಂದೆ ಸರಿದು ನದೀಮುಖ ಹತ್ತಿರವಾದಷ್ಟೂ, ಮಳೆ ಹೆಚ್ಚದಿದ್ದರೂ, ದಡದ ಬಳಿ ಬೇಗ ಕೂರುವ ಕಯೊಲಿನೈಟ್ ಹೆಚ್ಚುತ್ತದೆ. ಅದಕ್ಕೇ ಅದೇ ಪದರದ ಸೂಕ್ಷ್ಮಜೀವಿ ಚಿಪ್ಪುಗಳಲ್ಲಿ ಆಮ್ಲಜನಕದ ಐಸೊಟೋಪುಗಳ (ಬೇರೆ ಬೇರೆ ತೂಕದ ಪರಮಾಣುಗಳ) ಪ್ರಮಾಣವನ್ನೂ ಅಳೆಯಬೇಕು; ಅದು ಸಿಹಿನೀರು ಬೆರೆತಾಗಲೂ ಉಷ್ಣತೆ ಬದಲಾದಾಗಲೂ ಬದಲಾಗುವುದರಿಂದ, ಚಿಪ್ಪಿನ ಮೆಗ್ನೀಸಿಯಂ ಅಳೆದು ಉಷ್ಣತೆಯ ಪಾಲನ್ನು ಕಳೆಯಬೇಕು. ಎರಡೂ ಸಾಕ್ಷಿ ಒಂದಾದರೆ ಮಾತ್ರ ಮಳೆಯ ಮಾತು.

ಇಷ್ಟಾದರೂ ಕೊಡಗಿನ ಬರೆಗಳು ಕುಸಿದ 2018ರ ಆಗಸ್ಟ್‌ನಂಥ ಒಂದು ಮಳೆ ಅಲ್ಲಿ ಸಿಗದು. ಆಳ ಸಮುದ್ರದ ಒಂದು ಸೆಂ.ಮೀ. ಕೆಸರಿನಲ್ಲಿ ಹಲವು ದಶಕಗಳು, ಕೆಲವೆಡೆ ಶತಮಾನಗಳೇ ಇರುತ್ತವೆ, ಹುಳುಗಳು ಅದನ್ನೂ ಕಲಸಿರುತ್ತವೆ. ದಿನದ ಮಳೆಗೆ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು-ಸೆಂಟಿನಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಪಾಲು) ಬರೆದಿಟ್ಟ ಪುಸ್ತಕಗಳೇ ಆಧಾರ. ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ. ಎರಡು ದಿನದ ಮಳೆಯನ್ನು ಒಟ್ಟಿಗೆ ಅಳೆದಿದ್ದರೆ ಹಾಗೆಂದೇ ಬರೆಯಿರಿ, ಮಾಪಕದ ಜಾಗ ಬದಲಿಸಿದ ದಿನಾಂಕವನ್ನೂ.

– ಓದುಗರು, ಮಡಿಕೇರಿ