ಹೊಡೆತ ಚದರಿದ್ರ ಮೊದಲಿಗೆ ಪೆಲೆಟ್ ನೋಡ್ರಿ

ಬೆಳಗಾವಿ ಗುಂಪಿನ 10 ಮೀಟರ್ ಏರ್ ರೈಫಲ್‌ನವರ ಗಮನಕ್ಕ. ಹೊಡೆತ ಚದರಿದ ಕೂಡಲೇ ಸೈಟ್ (ರೈಫಲ್ ಮ್ಯಾಲಿನ ಗುರಿ ನೋಡೋ ಸಾಧನ) ತಿರುವಬ್ಯಾಡ್ರಿ. ಪೆಲೆಟ್ಟು, ಅಂದ್ರ ಏರ್ ರೈಫಲ್ಲಿನ ಸಣ್ಣ ಗುಂಡು, ಸೀಸದ್ದು; ಸೀಸ ಮೆತ್ತಗಿನ ಲೋಹ. ಡಬ್ಬಿ ಕೆಳಗ ಬಿದ್ರ ಪೆಲೆಟ್ಟಿನ ಹಿಂದಿನ ತೆಳು ಅಂಚು ನೆಗ್ಗತೈತಿ, ಗಾಳಿ ಒಂದ ಬದಿಯಿಂದ ಸೋರಿ ಅದು ವಾಲತೈತಿ. ಅಂಥವನ್ನ ಬದಿಗಿಡ್ರಿ. 4.49, 4.50 ಮಿ.ಮೀ. ಎರಡೂ ತಲೆಯಳತೆಯ (ಪೆಲೆಟ್ಟಿನ ಮುಂದಿನ ತುದಿಯ ಅಗಲ) ಪೆಲೆಟ್ ತಂದು, ರೈಫಲ್ ಮರಳಿನ ಚೀಲದ ಮ್ಯಾಲಿಟ್ಟು, ಒಂದೊಂದರಾಗ ಐದೈದು ಹೊಡೆತದ ಮೂರು ಗುಂಪು ಹಾಕ್ರಿ. ಯಾವುದರ ತೂತು ಒಂದಕ್ಕೊಂದು ಹತ್ತಿರ ಬಿದ್ದು ಗುಂಪು ಬಿಗಿ ಆಗತೈತೋ ಅದ ನಿಮ್ಮ ನಳಿಗೆಗೆ ಸರಿ; ಪಕ್ಕದವರ ಡಬ್ಬಿ ನೋಡಿ ಕೊಳ್ಳೋದು ದಂಡ.

ಗುಂಪು ಬಿಗಿ ಇದ್ದು ನಡುವಿನಿಂದ ಸರಿದಿದ್ರಷ್ಟ ಸೈಟ್ ಮುಟ್ರಿ. ಎಡಬಲಕ್ಕ ಹರಡಿದ್ರ ಬಹುತೇಕ ನಿಲುವಿನ ತಪ್ಪು. ಗುರಿ ಹಿಡಿದು ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು ತೆರೀರಿ. ನಳಿಗೆ ಸರಿದಿದ್ರ ತೋಳಿಂದ ಎಳೀಬ್ಯಾಡ್ರಿ, ಹಿಂದಿನ ಪಾದ ಚೂರು ಸರಸ್ರಿ. ಉಸಿರು ನಿಲ್ಲಿಸಿ ಏಳೆಂಟು ಸೆಕೆಂಡಿನೊಳಗ ಟ್ರಿಗರ್ ಆಗಲಿಲ್ಲಂದ್ರ ರೈಫಲ್ ಇಳಸ್ರಿ, ನಾಚಿಕಿ ಬ್ಯಾಡ. ಹೊಡೆದ ಮ್ಯಾಲೂ ಒಂದು ಸೆಕೆಂಡ್ ಸೈಟಿನಿಂದ ಕಣ್ಣು ತೆಗೀಬ್ಯಾಡ್ರಿ. ಗುರಿಯ ನಡುವಿನ 10 ಅಂಕದ ಚುಕ್ಕಿ ಬರೇ ಅರ್ಧ ಮಿ.ಮೀ. ಐತಿ.

ಸೀಸ ಮುಟ್ಟಿದ ಕೈ ಸಾಬೂನು ಹಚ್ಚಿ ತೊಳೀದ ಗಿರಮಿಟ್ಟಿಗೆ ಕೈ ಹಾಕಬ್ಯಾಡ್ರಿ.