ಸಾರ್ವಜನಿಕ ಆರೋಗ್ಯದ ಓದು: ಶುಲ್ಕಕ್ಕಿಂತ ನಗರವಾಸದ ಖರ್ಚೇ ಭಾರ

ಮಾನ್ಯ ಸಂಪಾದಕರೇ,

ಸಿಂಧನೂರು ಸುತ್ತಲಿನ ಊರುಗಳಲ್ಲಿ ಮತ್ತು ಹೊರಗಿನಿಂದ ಬಂದವರು ನೆಲೆಸಿದ ವಸತಿಗಳಾದ ಕ್ಯಾಂಪುಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜ್ವರ ಬಂದವರ ರಕ್ತ ಲೇಪನವನ್ನು ಮಲೇರಿಯಾ ಪರೀಕ್ಷೆಗೆ ತೆಗೆಯುತ್ತ, ಕುಡಿಯುವ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತ, ಮನೆಮನೆಯ ತೊಟ್ಟಿ, ಡ್ರಮ್ಮುಗಳಲ್ಲಿ ಸೊಳ್ಳೆ ಮರಿ ಹುಡುಕುತ್ತ ಆರೋಗ್ಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ನನ್ನ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ, ಅಂದರೆ ಎಂಪಿಎಚ್‌ಗೆ ಸೇರಿ ಈಗ ಕೊನೆಯ ಸೆಮಿಸ್ಟರ್‌ನಲ್ಲಿದ್ದಾಳೆ. ಆ ಕೋರ್ಸನ್ನು ಆರಿಸಿಕೊಳ್ಳುವುದರಲ್ಲಿ ಮತ್ತು ಅದಕ್ಕೆ ಹಣ ಹೊಂದಿಸುವುದರಲ್ಲಿ ನಾವು ಪಟ್ಟ ಪಾಡು ನಮ್ಮ ಮನೆಯೊಂದರದೇ ಅಲ್ಲ ಎಂಬುದು ಈ ಎರಡು ವರ್ಷಗಳಲ್ಲಿ ಮನವರಿಕೆಯಾಗಿರುವುದರಿಂದ, ಮುಂದಿನ ಸಾಲಿನ ಪ್ರವೇಶದ ಅಧಿಸೂಚನೆಗಳು ಹೊರಡುವ ಮುನ್ನ ಈ ಪತ್ರ ಬರೆಯುತ್ತಿದ್ದೇನೆ.

ಈ ಓದು ನಮ್ಮ ಭಾಗಕ್ಕೆ ಏಕೆ ಬೇಕು ಎಂಬುದನ್ನು ಎರಡು ಮಾತಿನಲ್ಲಿ ಹೇಳಬಹುದು. 2022ರ ಮೇ, ಜೂನ್ ತಿಂಗಳುಗಳಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ವಾಂತಿಭೇದಿಯಿಂದ ಸತ್ತರು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಜ್ಯದ ಮೊದಲ ಝೀಕಾ ಸೋಂಕು ನಮ್ಮ ಜಿಲ್ಲೆಯ ಐದು ವರ್ಷದ ಹೆಣ್ಣುಮಗುವಿನಲ್ಲಿ ಪತ್ತೆಯಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ರೋಗಿಗೆ ಸಲೈನ್ ಹಾಕುವವರು ಬೇಕೇ ಬೇಕು. ಅವರ ಜೊತೆಗೆ, ಭೇದಿ ಮೊದಲು ಯಾವ ಓಣಿಯಲ್ಲಿ ಕಾಣಿಸಿತು, ಆ ಓಣಿಗೆ ನೀರು ತರುವ ಕೊಳವೆ ಎಲ್ಲಿ ಚರಂಡಿಯನ್ನು ದಾಟುತ್ತದೆ ಎಂದು ಲೆಕ್ಕ ಹಾಕಿ, ಮರುದಿನವೇ ನಗರಸಭೆಗೆ ಹೇಳಬಲ್ಲವರೂ ಬೇಕು. ಆ ಲೆಕ್ಕವನ್ನು ನಾನು ಅನುಭವದಿಂದ ಅರ್ಧಂಬರ್ಧ ಕಲಿತೆ. ಮಗಳು ಅದನ್ನು ಶಾಸ್ತ್ರವಾಗಿ ಕಲಿಯಲಿ ಎಂಬುದು ನನ್ನ ಆಸೆಯಾಗಿತ್ತು.

ಆಯ್ಕೆಯ ವಿಷಯಕ್ಕೆ ಬಂದರೆ, ಎಂಬಿಬಿಎಸ್ ಸೀಟಿಗೆ ಇರುವಂತಹ ಒಂದೇ ಬಾಗಿಲು ಇಲ್ಲಿಲ್ಲ. ಬೆಂಗಳೂರಿನಲ್ಲಿ ಕೇಂದ್ರದ ಸಂಸ್ಥೆಯಾದ ನಿಮ್ಹಾನ್ಸ್ ಈ ಪದವಿ ನೀಡುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುವ ಕೋರ್ಸುಗಳಿವೆ. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳ ಕೋರ್ಸುಗಳೂ ಇವೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೆ ಈಗ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯಬೇಕು. ಒಂದೊಂದು ಕಡೆ ಒಂದೊಂದು ಅರ್ಜಿ ಶುಲ್ಕ, ಒಂದೊಂದು ಕೊನೆಯ ದಿನಾಂಕ. ಪದವಿಯ ಹೆಸರು ಎಲ್ಲೆಡೆ ಒಂದೇ ಆದರೂ ಒಳಗಿನ ಓದು ಒಂದೇ ಆಗಿಲ್ಲ: ಕೆಲವೆಡೆ ಸಾಂಕ್ರಾಮಿಕ ರೋಗಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರಕ್ಕೆ ಒತ್ತು, ಇನ್ನು ಕೆಲವೆಡೆ ಆಸ್ಪತ್ರೆ ಆಡಳಿತಕ್ಕೆ ಹತ್ತಿರವಾದ ಪಾಠ. ಕಟ್ಟಡದ ಚಿತ್ರ ಮತ್ತು ಘಟಿಕೋತ್ಸವದ ಚಿತ್ರಗಳಿರುವ ಹೊಳಪಿನ ಪುಸ್ತಿಕೆಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ನಾವು ಕೊನೆಗೆ ಹಿರಿಯ ವಿದ್ಯಾರ್ಥಿಗಳಿಗೆ ಫೋನು ಮಾಡಿ ಕೇಳಿದ ಕೆಲವು ಪ್ರಶ್ನೆಗಳೇ ನಮ್ಮನ್ನು ಕಾಪಾಡಿದವು. ಅವು ಬೇರೆಯವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತೇನೆ. ಎರಡು ವರ್ಷಗಳಲ್ಲಿ ಎಷ್ಟು ವಾರ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ ಮತ್ತು ರೋಗಗಳ ಮೇಲೆ ನಿಗಾ ಇಡುವ ಜಿಲ್ಲಾ ಸರ್ವೇಕ್ಷಣಾ ಘಟಕದಲ್ಲಿ ನಿಜವಾಗಿ ಕೆಲಸ ಮಾಡಬೇಕು? ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವವರು ಸ್ವತಃ ಕ್ಷೇತ್ರಕ್ಕೆ ಹೋಗುವವರೋ, ಅಥವಾ ಬೇರೆಯವರು ತಂದ ಅಂಕಿಅಂಶವನ್ನಷ್ಟೇ ನೋಡುವವರೋ? ಸಂಖ್ಯಾಶಾಸ್ತ್ರದ ಪಾಠಕ್ಕೆ ದುಬಾರಿ ತಂತ್ರಾಂಶ ಬೇಕೋ, ‘ಆರ್’ ಎಂಬ ಉಚಿತ ತಂತ್ರಾಂಶದಲ್ಲಿಯೇ ಕಲಿಸುತ್ತಾರೋ? ಹಿಂದಿನ ತಂಡದವರು ಈಗ ಎಲ್ಲಿದ್ದಾರೆ, ಎಷ್ಟು ಸಂಬಳಕ್ಕೆ? ಹಾಸ್ಟೆಲ್ ಉಂಟೋ ಇಲ್ಲವೋ ಎಂದು ಕೇಳಿದರೆ ಸಾಲದು, ಎಂಪಿಎಚ್ ವಿದ್ಯಾರ್ಥಿಗಳಿಗೆ ಅದರಲ್ಲಿ ಕೋಣೆ ಸಿಗುತ್ತದೆಯೋ ಎಂದು ಕೇಳಬೇಕು. ಕ್ಷೇತ್ರಕಾರ್ಯ ಕನ್ನಡದಲ್ಲಿ ನಡೆಯುವ ಕಾರಣಕ್ಕೆ ನಾವು ಮುಂಬೈಯನ್ನು ಬಿಟ್ಟು ಬೆಂಗಳೂರನ್ನು ಆರಿಸಿಕೊಂಡೆವು. ಹಾಗೆ ಮಾಡಿದ್ದು ಸರಿ ಎಂದು ನನಗೆ ಈಗಲೂ ಅನ್ನಿಸುತ್ತದೆ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹಿಂದೆ ಬಿದ್ದ ನನ್ನ ಮಗಳು, ಕೊಳೆಗೇರಿಯ ತಾಯಂದಿರನ್ನು ಕೂರಿಸಿಕೊಂಡು ಮಗುವಿಗೆ ನಿನ್ನೆಯಿಂದ ಏನೇನು ತಿನ್ನಿಸಿದಿರಿ ಎಂದು ಕೇಳಬೇಕಾಗಿ ಬಂದಾಗ ಇಡೀ ತಂಡಕ್ಕೆ ಮುಂದಾಳಾದಳು.

ಆದರೆ ಮೊದಲ ಬಾರಿ ಸೀಟು ಸಿಕ್ಕ ವರ್ಷ ಅವಳು ಸೇರಲಾಗಲಿಲ್ಲ. ಪ್ರಕಟಣೆಯಲ್ಲಿ ಬೋಧನಾ ಶುಲ್ಕ ಮಾತ್ರ ಇತ್ತು. ಅದಕ್ಕೆ ನಾವು ಸಿದ್ಧರಾಗಿದ್ದೆವು. ಪ್ರವೇಶದ ದಿನ ಕೈಗೆ ಬಂದ ಚೀಟಿಯಲ್ಲಿ ನೋಂದಣಿ ಶುಲ್ಕ, ಪರೀಕ್ಷಾ ಶುಲ್ಕ, ಗ್ರಂಥಾಲಯದ ಠೇವಣಿ, ಕ್ಷೇತ್ರ ಭೇಟಿಯ ವೆಚ್ಚ ಎಂದು ಸಾಲುಸಾಲು ಬಾಬತ್ತುಗಳಿದ್ದವು, ಹಾಸ್ಟೆಲ್ ಮಾತ್ರ ಇರಲಿಲ್ಲ. ಅವಳು ಊರಿಗೆ ಮರಳಿ ಒಂದು ವರ್ಷ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ದುಡಿದು, ಮರುವರ್ಷ ಮತ್ತೆ ಅರ್ಜಿ ಹಾಕಿ ಸೇರಿದಳು. ಈಗ ಮೂವರು ಹಂಚಿಕೊಂಡ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಊಟ ಸೇರಿ ತಿಂಗಳಿಗೆ 8,500 ರೂಪಾಯಿ ಕೊಡುತ್ತಾಳೆ. ಇಪ್ಪತ್ನಾಲ್ಕು ತಿಂಗಳಿಗೆ ಅದೊಂದೇ 2,04,000 ರೂಪಾಯಿ ಆಗುತ್ತದೆ. ಬಾಡಿಗೆ ಮನೆ ಹಿಡಿಯೋಣವೆಂದರೆ ಹಲವು ತಿಂಗಳ ಬಾಡಿಗೆಯನ್ನು ಒಟ್ಟಿಗೇ ಅಡ್ವಾನ್ಸ್ ಇಡಬೇಕು, ಖಾಲಿ ಮಾಡುವಾಗ ಬಣ್ಣ ಬಳಿಸುವುದಕ್ಕೆಂದು ಅದರಲ್ಲಿ ಒಂದು ಪಾಲು ಹಿಡಿದುಕೊಳ್ಳುತ್ತಾರೆ. ಲ್ಯಾಪ್‌ಟಾಪ್ ಇಲ್ಲದೆ ಈ ಓದು ಸಾಗುವುದಿಲ್ಲ. ನಮ್ಮ ಪಾಲಿಗೆ ಹಗುರವಾದದ್ದು ಪ್ರಯಾಣ ಒಂದೇ: 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಅವಳು ಊರಿನಿಂದ ಬರುವ ಸಾಮಾನ್ಯ ಬಸ್ಸಿಗೂ, ಕ್ಷೇತ್ರಕಾರ್ಯಕ್ಕೆ ಹೋಗುವ ಬಿಎಂಟಿಸಿ ಬಸ್ಸಿಗೂ ದುಡ್ಡು ಕೊಡುವುದಿಲ್ಲ. ಈ ಯೋಜನೆ ಒಬ್ಬ ವಿದ್ಯಾರ್ಥಿನಿಯ ತಿಂಗಳ ಲೆಕ್ಕದಲ್ಲಿ ಎಷ್ಟು ದೊಡ್ಡದು ಎಂಬುದು ಆ ಲೆಕ್ಕ ಬರೆದವರಿಗೆ ಮಾತ್ರ ಗೊತ್ತಾಗುತ್ತದೆ.

ಸರ್ಕಾರದ ನೆರವು ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಅದಕ್ಕೆ ನಾನು ಕೃತಜ್ಞನೂ ಹೌದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು 2013ರಲ್ಲಿ ವಿದ್ಯಾಸಿರಿ ಆರಂಭವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವುದೆಂದು ನಿಗದಿಯಾಗಿತ್ತು. ಆ 15,000 ರೂಪಾಯಿ ಇಂದಿನ ಬೆಂಗಳೂರಿನಲ್ಲಿ ನಮ್ಮ ಕೋಣೆಯ ಎರಡು ತಿಂಗಳ ಬಾಡಿಗೆಗೂ ಸಾಲದು. ರಾಯಚೂರಿನಲ್ಲಿ ಓದುವವರಿಗೂ ಬೆಂಗಳೂರಿನಲ್ಲಿ ಓದುವವರಿಗೂ ಒಂದೇ ದರ ಎಂಬುದು ನ್ಯಾಯದಂತೆ ಕಂಡರೂ ನ್ಯಾಯವಲ್ಲ. ನನ್ನ ನಿವೃತ್ತಿ ವೇತನ ಆದಾಯ ಮಿತಿಯನ್ನು ದಾಟುವುದರಿಂದ ಅದೂ ನಮಗೆ ಸಿಗಲಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಆ ಮಿತಿಯೊಳಗಿರುವ ಅವಳ ಸಹಪಾಠಿಯೊಬ್ಬಳಿಗೆ ಹಣ ಕೈಸೇರುವಷ್ಟರಲ್ಲಿ ಶೈಕ್ಷಣಿಕ ವರ್ಷವೇ ಮುಗಿದಿತ್ತು. ಅಷ್ಟರೊಳಗೆ ಅವಳ ತಂದೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿದ್ದರು. ನೆರವು ತಡವಾದರೆ ಅದರ ಬಡ್ಡಿಯನ್ನು ಬಡವರೇ ಕಟ್ಟುತ್ತಾರೆ. ಮುಂಬೈನ ಟಾಟಾ ಸಂಸ್ಥೆಯ ವಿದ್ಯಾರ್ಥಿಗಳು 2018ರ ಫೆಬ್ರವರಿಯಲ್ಲಿ ತರಗತಿ ಬಿಟ್ಟು ಮುಷ್ಕರಕ್ಕೆ ಕೂತದ್ದೂ ಈ ವಿದ್ಯಾರ್ಥಿವೇತನದವರಿಗೆ ಶುಲ್ಕ ಮತ್ತು ಹಾಸ್ಟೆಲ್ ಖರ್ಚಿನಲ್ಲಿ ಸಿಗುತ್ತಿದ್ದ ನೆರವನ್ನು ಉಳಿಸಿಕೊಳ್ಳಲು.

ಉಳಿದದ್ದು ಶಿಕ್ಷಣ ಸಾಲ. ನಾಲ್ಕು ಲಕ್ಷದವರೆಗೆ ನಮ್ಮ ಪಾಲಿನ ಹಣವಾಗಲೀ ಆಸ್ತಿಯ ಜಾಮೀನಾಗಲೀ ಬೇಕಿಲ್ಲ ಎಂದು ಬ್ಯಾಂಕುಗಳ ಮಾದರಿ ಯೋಜನೆ ಹೇಳುತ್ತದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಒಳ್ಳೆಯದೇ: ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಸಿಗಬಹುದು. ಅದು ರಾಷ್ಟ್ರೀಯ ಶ್ರೇಯಾಂಕದ ಆಧಾರದಲ್ಲಿ ಗುರುತಿಸಿದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ, ಮಗಳಿಗೆ ಸೀಟು ಸಿಕ್ಕ ಸಂಸ್ಥೆ ಆ ಪಟ್ಟಿಯಲ್ಲಿರಲಿಲ್ಲ. ನಾವು ಹೋದ ಬ್ಯಾಂಕಿನ ಶಾಖೆಯಲ್ಲಿ ಎಂಪಿಎಚ್ ವೃತ್ತಿಪರ ಕೋರ್ಸ್ ಹೌದೋ ಅಲ್ಲವೋ ಎಂಬುದೇ ಇತ್ಯರ್ಥವಾಗದೆ ಅರ್ಜಿ ಏಳು ವಾರ ಕುಳಿತಿತ್ತು. ಆದ್ದರಿಂದ ಸೀಟು ಆರಿಸುವ ಮೊದಲೇ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ ಎಂದು ಇದನ್ನು ಓದುವ ತಂದೆತಾಯಂದಿರಲ್ಲಿ ಕೇಳಿಕೊಳ್ಳುತ್ತೇನೆ.

ಇನ್ನೊಂದು ಮಾತು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿ ಮಾಡುವ ವೈದ್ಯರಿಗೆ ತಿಂಗಳು ತಿಂಗಳು ಶಿಷ್ಯವೇತನ ಬರುತ್ತದೆ, ಬರಬೇಕಾದದ್ದೇ. ಅದೇ ಹಳ್ಳಿಯಲ್ಲಿ, ಅದೇ ಸಮೀಕ್ಷೆಯ ಹಾಳೆ ಹಿಡಿದು, ಅವರ ಪಕ್ಕದಲ್ಲೇ ಮನೆಮನೆ ತಿರುಗುವ ಎಂಪಿಎಚ್ ವಿದ್ಯಾರ್ಥಿನಿ ತನ್ನ ಊಟಕ್ಕೂ ಕೈಯಿಂದಲೇ ಖರ್ಚು ಮಾಡುತ್ತಾಳೆ. ಅವಳು ತರುವ ಮಾಹಿತಿ ಸರ್ಕಾರದ ಕೇಂದ್ರಕ್ಕೆ ಉಪಯೋಗವಾಗುತ್ತಿರುವಾಗ ಕ್ಷೇತ್ರಕಾರ್ಯದ ತಿಂಗಳುಗಳಿಗಾದರೂ ಒಂದು ಗೌರವದ ಮೊತ್ತ ಕೊಡಬಾರದೇ?

ಇಷ್ಟು ಖರ್ಚು ಮಾಡಿ ಓದಿದವರು ಎಲ್ಲಿಗೆ ಹೋಗಬೇಕು? ನೆರೆಯ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವಿದೆ, ಅದರದೇ ಅಧಿಕಾರಿ ವರ್ಗವಿದೆ, 1939ರಷ್ಟು ಹಿಂದೆಯೇ ಮದ್ರಾಸ್ ಪ್ರಾಂತ್ಯದಲ್ಲಿ ಆದ ಸಾರ್ವಜನಿಕ ಆರೋಗ್ಯ ಕಾಯ್ದೆಯ ಬಲವಿದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲ ರಾಜ್ಯಗಳಲ್ಲೂ ಸಾರ್ವಜನಿಕ ಆರೋಗ್ಯ ನಿರ್ವಹಣಾ ವೃಂದ ಇರಬೇಕೆಂದು ಹೇಳಿತು. 2022ರಲ್ಲಿ ಕೇಂದ್ರ ಸಚಿವಾಲಯ ಅದನ್ನು ಕಟ್ಟುವ ಮಾರ್ಗಸೂಚಿಯನ್ನೂ ಹೊರಡಿಸಿತು. ನಮ್ಮಲ್ಲಿ ವೈದ್ಯರಲ್ಲದ ಎಂಪಿಎಚ್ ಪದವೀಧರರಿಗೆ ಕಣ್ಣಿಗೆ ಬೀಳುವುದು ಬಹುಪಾಲು ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳು, ಅವಧಿ ಮುಗಿದಂತೆಲ್ಲ ನವೀಕರಣಕ್ಕೆ ಕಾಯಬೇಕಾದವು. ಸಾಲದ ಕಂತು ಹತ್ತು ವರ್ಷದ್ದಾಗಿ, ಕೆಲಸದ ಭರವಸೆ ಒಂದು ವರ್ಷದ್ದೂ ಇಲ್ಲದಿದ್ದರೆ, ಬುದ್ಧಿವಂತ ಮಕ್ಕಳು ಬೆಂಗಳೂರಿನ ಕಂಪನಿಗಳಿಗೆ ಆರೋಗ್ಯ ವಿಮೆಯ ಕಡತ ನೋಡಲು ಹೋಗುತ್ತಾರೆ. ಅವರನ್ನು ನಾನು ದೂರುವುದಿಲ್ಲ. ನಮ್ಮ ಜಿಲ್ಲೆಯ ನೀರು, ನಮ್ಮ ಜಿಲ್ಲೆಯ ಮಕ್ಕಳ ತೂಕ ಮಾತ್ರ ಹಾಗೇ ಉಳಿಯುತ್ತದೆ.

ಸಂಬಂಧಪಟ್ಟ ವಿಶ್ವವಿದ್ಯಾಲಯಗಳಲ್ಲಿ ನನ್ನ ಕೋರಿಕೆ ಏನೆಂದರೆ, ಮುಂದಿನ ಅಧಿಸೂಚನೆಯಲ್ಲಿ ಬೋಧನಾ ಶುಲ್ಕವನ್ನಷ್ಟೇ ಮುದ್ರಿಸದೆ, ಎರಡು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿ ಸಂಸ್ಥೆಗೆ ಕಟ್ಟಬೇಕಾದ ಪ್ರತಿಯೊಂದು ಬಾಬತ್ತನ್ನೂ, ಎಂಪಿಎಚ್‌ಗೆ ಮೀಸಲಾದ ಹಾಸ್ಟೆಲ್ ಕೋಣೆಗಳ ಸಂಖ್ಯೆಯನ್ನೂ, ಹಿಂದಿನ ತಂಡ ಎಲ್ಲೆಲ್ಲಿ ಕೆಲಸಕ್ಕೆ ಸೇರಿದೆ ಎಂಬುದನ್ನೂ ಪ್ರಕಟಿಸಲಿ. ಇದಕ್ಕೆ ಹಣ ಬೇಕಿಲ್ಲ, ಪ್ರಾಮಾಣಿಕವಾದ ಒಂದು ಪುಟ ಸಾಕು. ಸರ್ಕಾರವು ಸಂವಿಧಾನದ 371ಜೆ ವಿಧಿಯ ಮೂಲಕ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟಿನಲ್ಲಿ ಪಾಲು ಕೊಟ್ಟಿದೆ. ಆ ಸೀಟಿಗೆ ಬಂದು ಸೇರುವವರಿಗೆ ರಾಜಧಾನಿಯಲ್ಲಿ ತಲೆಯ ಮೇಲೊಂದು ಸೂರನ್ನೂ ಕೊಡಲಿ, ವಸತಿ ನೆರವಿನ ಮೊತ್ತವನ್ನು ಓದುವ ಊರಿನ ಬಾಡಿಗೆಗೆ ತಕ್ಕಂತೆ ನಿಗದಿ ಮಾಡಲಿ, ಮತ್ತು ಅದನ್ನು ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಖಾತೆಗೆ ಹಾಕಲಿ. ಮಗಳು ತನ್ನ ಪ್ರಬಂಧಕ್ಕೆ ನಮ್ಮ ತಾಲ್ಲೂಕಿನ ಕ್ಯಾಂಪುಗಳ ಕುಡಿಯುವ ನೀರನ್ನೇ ಆರಿಸಿಕೊಂಡಿದ್ದಾಳೆ, ಓದು ಮುಗಿದ ಮೇಲೆ ಇಲ್ಲಿಗೇ ಬಂದು ಕೆಲಸ ಮಾಡಲು ಸಿದ್ಧಳಿದ್ದಾಳೆ. ಅವಳ ಪದವಿಯನ್ನು ಅರ್ಹತೆಯಾಗಿ ಕೇಳುವ ಖಾಯಂ ಹುದ್ದೆಯ ಪ್ರಕಟಣೆಯೊಂದು ನಮ್ಮ ಜಿಲ್ಲೆಯಿಂದ ಹೊರಟದ್ದನ್ನು ನಾವು ಇನ್ನೂ ಕಂಡಿಲ್ಲ. ಆ ಪ್ರಕಟಣೆ ಯಾವಾಗ ಹೊರಡುತ್ತದೆ ಎಂದು ಆರೋಗ್ಯ ಇಲಾಖೆ ತಮ್ಮ ಪತ್ರಿಕೆಯ ಮೂಲಕವಾದರೂ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಆರೋಗ್ಯ ನಿರೀಕ್ಷಕ
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ